ಹುಳಿಗೆ ಬಿಚ್ಚುವ ಪೊಟ್ಟಣ

ಸೆಪ್ಟೆಂಬರ್ 12, 2011, ಸೋಮವಾರ

ಇವತ್ತೂ ಸೋರಿತು.

ಕುಂದಾಪುರದ ಈ ಕಾಲೇಜಿನ ಲ್ಯಾಬಿನಲ್ಲಿ ಕೂತು ನಾಲ್ಕು ವರ್ಷದಿಂದ ನಾನು ಮಾಡುತ್ತಿರುವ ಘನಕಾರ್ಯ ಇಷ್ಟೇ. ಪಾಲಿಮರ್ ಎಂಬ ಉದ್ದುದ್ದ ಸರಪಳಿಗಳನ್ನು ನೀರಿಗೆ ಬಿಡುತ್ತೇನೆ. ಅವು ತಾವಾಗಿಯೇ ಒಟ್ಟುಗೂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಪೊಟ್ಟಣಗಳಾಗುತ್ತವೆ. ಆ ಪೊಟ್ಟಣದೊಳಗೆ ಮದ್ದು ತುಂಬಬೇಕು. ರಕ್ತದಲ್ಲಿ ಹೋಗುವಾಗ ಅದು ಬಾಯಿ ಮುಚ್ಚಿಕೊಂಡಿರಬೇಕು. ಕ್ಯಾನ್ಸರ್ ಗಡ್ಡೆಯ ಸುತ್ತಮುತ್ತ ಸ್ವಲ್ಪ ಹುಳಿ ಇರುತ್ತದೆ. ಆ ಹುಳಿ ತಾಗಿದ ಮೇಲೆ ಮಾತ್ರ ಬಿಚ್ಚಿಕೊಂಡು ಮದ್ದನ್ನು ಹೊರಗೆ ಬಿಡಬೇಕು. ಬಿಡಬೇಕಾದಲ್ಲಿ ಮಾತ್ರ ಬಾಯಿ ಬಿಡುವ ಗುಣ ಬ್ರಹ್ಮಾವರದಿಂದ ಬೈಂದೂರಿನವರೆಗೆ ಒಬ್ಬ ಮನುಷ್ಯನಲ್ಲೂ ಇಲ್ಲ, ಅದನ್ನು ನಾನು ಪಾಲಿಮರಿಗೆ ಕಲಿಸಹೊರಟಿದ್ದೇನೆ. ನಿಜವಾದ ಮದ್ದು ತುಂಬುವ ಯೋಗ್ಯತೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಕೆಂಪು ಬಣ್ಣ ತುಂಬಿ ನೋಡುತ್ತಿದ್ದೇನೆ. ಹುಳಿಯೇ ಇಲ್ಲದ ನೀರಿನಲ್ಲೂ ಬಣ್ಣ ಸೋರುತ್ತದೆ.

ನನ್ನ ಗೈಡ್ ರಾಜೀವ ಸರ್ ಬಾಗಿಲಲ್ಲೇ ನಿಂತು, "ಎಂತ ವಿನಯಾ, ಸೋರಿತಾ?" ಎಂದು ಕೇಳಿ ಹೋದರು. ಒಳಗೆ ಬಂದು ನೋಡುವ ಕಷ್ಟ ಅವರು ಯಾವತ್ತೂ ತೆಗೆದುಕೊಂಡವರಲ್ಲ. ಅವರ ಹೆಂಡತಿ ಶ್ರೀಲತಾ ಮೇಡಂ ವಾಸಿ, ಸಿಕ್ಕಾಗಲೆಲ್ಲ "ಮದುವೆ ವಿಷಯ ಬಿಡು, ಮೊದಲು ಮುಗಿಸು" ಎನ್ನುತ್ತಾರೆ. ಈ ಭೂಮಿಯ ಮೇಲೆ ಹಾಗೆ ಹೇಳಿದ ಹೆಂಗಸು ಅವರೊಬ್ಬರೇ.

ಕೋಟದ ಮನೆಗೆ ಬಂದರೆ ಅಮ್ಮ. ಬ್ರಹ್ಮಾವರದ ಹುಡುಗನ ಕಡೆಯವರು, ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರಂತೆ. "ಪೊಟ್ಟಣ ಮಾಡ್ತಾಳ್ ಅಂದೆ" ಎಂದಳು. ನಮ್ಮದು ದಿನಸಿ ಅಂಗಡಿ ಎಂದುಕೊಂಡರೋ ಏನೋ, ಆಮೇಲೆ ಫೋನು ಬರಲಿಲ್ಲ.

ಸೆಪ್ಟೆಂಬರ್ 20, ಮಂಗಳವಾರ

ಕಾಲೇಜು ನೋಡಲು ಹೊರಗಿನ ಸಮಿತಿ ಬರುತ್ತದೆ. ಹಾಗಾಗಿ ಗೋಡೆಗೆ ಸುಣ್ಣ, ಶೌಚಾಲಯಕ್ಕೆ ಬಾಗಿಲು, ಸಂಶೋಧನೆಗೆ ಪ್ರಚಾರ.

ರಾಜೀವ ಸರ್ ತಮ್ಮ ಹಳೆಯ ಶಿಷ್ಯ ಮನೀಷನನ್ನು ಕರೆಸಿದ್ದರು. ಅವನೀಗ ಪೇಪರಿನವನು. ನನಗೆ ಬಿಳಿ ಕೋಟು ಹಾಕಿಸಿ, ಕಿಟಕಿಯ ಬೆಳಕಿಗೆ ಟೆಸ್ಟ್ ಟ್ಯೂಬ್ ಹಿಡಿದು ಗಂಭೀರವಾಗಿ ನೋಡಲು ಹೇಳಿದ. ನನ್ನ ದ್ರಾವಣದ ಬಣ್ಣ ಫೋಟೋದಲ್ಲಿ ಕಾಣುವುದಿಲ್ಲವಂತೆ. ಕ್ಯಾಂಟೀನಿನಿಂದ ಕಡುಗೆಂಪು ಪುನರ್ಪುಳಿ ಶರಬತ್ತು ತರಿಸಿ ಟ್ಯೂಬಿಗೆ ಸುರಿದರು. ನಾಲ್ಕು ವರ್ಷದ ಸಾಧನೆಯನ್ನು ನಾನು ಗಂಭೀರವಾಗಿ ನೋಡಿದೆ. ಆಮೇಲೆ ಕುಡಿದೆ.

ಸರ್ ಮೊದಲು ಸರಿಯಾಗಿಯೇ ಹೇಳಿದರು: "ಇದಿನ್ನೂ ಆರಂಭ. ಮುಂದೊಂದು ದಿನ ಇಂಥ ಪೊಟ್ಟಣ ಮದ್ದನ್ನು ನೇರವಾಗಿ ಗಡ್ಡೆಗೇ ಮುಟ್ಟಿಸಬಹುದು."

"ಮುಂದೊಂದು ದಿನ ಅಂದ್ರೆ ಯಾವಾಗ ಸರ್?"

ಸರ್ ಹೊಸ ಸುಣ್ಣದ ಗೋಡೆಯನ್ನೊಮ್ಮೆ ನೋಡಿದರು. "ಹತ್ತಿರದಲ್ಲೇ" ಎಂದರು.

ಸೆಪ್ಟೆಂಬರ್ 22, ಗುರುವಾರ

"ಕ್ಯಾನ್ಸರ್ ಗಡ್ಡೆಗೆ ಕೋಟದ ಯುವತಿಯ ರಾಮಬಾಣ." ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ, "ಕೊಯ್ಯುವುದು ಬೇಡ, ಗಡ್ಡೆಗೇ ಹೋಗಿ ಬಿಚ್ಚುವ ಮದ್ದಿನ ಪೊಟ್ಟಣ." ಕೊಯ್ಯುವುದು ಬೇಡ ಎಂದು ನಾನೂ ಹೇಳಿಲ್ಲ, ಸರ್ ಕೂಡ ಹೇಳಿಲ್ಲ. ಮನೀಷನ ತಲೆಯಲ್ಲಿ ಹುಟ್ಟಿದ ಮಾತು. "ಬಹುದು" ಎಂಬ ಶಬ್ದವನ್ನು ಹುಡುಕಿದೆ, ಇಡೀ ವರದಿಯಲ್ಲಿ ಎಲ್ಲೂ ಸಿಗಲಿಲ್ಲ.

ಸಿಟ್ಟು ನೆತ್ತಿಗೇರಿತು. ಆದರೆ ಬಸ್ಸಿನಲ್ಲಿ ಕಂಡಕ್ಟರ್ ಶೀನ ಒಬ್ಬ ಗಂಡಸನ್ನು ಎಬ್ಬಿಸಿ, "ಹ್ವಾಯ್, ಏಳಿ ಕಾಂಬ, ಮದ್ದಿನ ಮೇಡಂ ಬಂದ್ರ್" ಎಂದು ಸೀಟು ಕೊಡಿಸಿದ. ಕೂತೆ. ಕುಂದಾಪುರದಲ್ಲಿ ಇಳಿದು ಇನ್ನೂ ಎರಡು ಪೇಪರ್ ತೆಗೆದುಕೊಂಡೆ. ಫೋಟೋದಲ್ಲಿ ನನ್ನ ಮೂಗು ಪರವಾಗಿಲ್ಲ.

ಅಕ್ಟೋಬರ್ 2, ಭಾನುವಾರ

ಬೈಂದೂರಿನಲ್ಲಿ ಸನ್ಮಾನ. ಅದೊಂದು ಯುವಕ ಸಂಘ, ಅದರ ಅಧ್ಯಕ್ಷರಿಗೆ ಅರವತ್ತರ ಮೇಲಾಗಿದೆ. "ನಮ್ಮ ಮಣ್ಣಿನ ಮಗಳು ಕ್ಯಾನ್ಸರಿಗೆ ಮದ್ದು ಕಂಡುಹಿಡಿದು ವಿದೇಶದವರು ಮೂಗಿನ ಮೇಲೆ ಬೆರಳಿಡುವಂತೆ ಮಾಡಿದ್ದಾಳೆ" ಎಂದು ಶುರು ಮಾಡಿದರು. ಕಂಡುಹಿಡಿದಿಲ್ಲ ಎಂದು ಹೇಳಲು ಎದ್ದೆ. ಎದ್ದದ್ದನ್ನೇ ನೋಡಿ ಶಾಲು ಹೊದಿಸಿದರು. ಬಾಯಿ ತೆರೆದೆ, ಹಾರ ಹಾಕಿದರು. ಹಣ್ಣಿನ ಬುಟ್ಟಿಯನ್ನು ಎರಡು ಕೈಗೂ ಕೊಟ್ಟ ಮೇಲೆ ಮೈಕ್ ಹಿಡಿಯಲು ಕೈಯೇ ಉಳಿಯಲಿಲ್ಲ. ಕೂತುಬಿಟ್ಟೆ.

ಬುಟ್ಟಿಯ ಮೇಲಿನ ಸಾಲು ಸೇಬು, ಕೆಳಗೆಲ್ಲ ಮೂಸಂಬಿ. ಅಮ್ಮ ಶಾಲನ್ನು ಟೀವಿಯ ಮೇಲೆ ಹೊದಿಸಿದ್ದಾಳೆ.

ಅಕ್ಟೋಬರ್ 14, ಶುಕ್ರವಾರ

ನಮ್ಮ ಮನೆಯ ಮೀನಿಗೆ ಬಡ್ತಿ ಸಿಕ್ಕಿದೆ. ಪಡುಕರೆಯ ಜಲಜಕ್ಕ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬರುವುದು ನನಗೆ ಬುದ್ಧಿ ಬಂದಾಗಿನಿಂದ ಇದೆ. ಅಗ್ಗದ ಬೈಗೆ, ಬಂಗ್ಡೆ, ಅದನ್ನು ಬಿಟ್ಟರೆ ಬಂಗ್ಡೆ, ಬೈಗೆ. ಈಗ ಹದಿನೈದು ದಿನದಿಂದ ದುಬಾರಿಯ ಕಾಣೆ ಮೀನು ಬರುತ್ತಿದೆ. ಇವತ್ತು ಅಂಜಲ್ ಬಂತು, ಅದೂ ನಡುವಿನ ತುಂಡು. ಅಮ್ಮ ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಜಲಜಕ್ಕ, "ವಿನಯಮ್ಮ ತಿನ್ಲಿ" ಎಂದಳಂತೆ. ಪೇಪರಿನಲ್ಲಿ ಬಂದವಳಿಗೆ ಸಮುದ್ರವೂ ಮರ್ಯಾದೆ ಕೊಡುತ್ತದೆ.

ನಾನು ತಲೆ ಬಾಚುತ್ತಿದ್ದಾಗ ಕಿಟಕಿಯಲ್ಲಿ ಇಣುಕಿದಳು. "ಮದ್ದ್ ಯಾವಾಗ ಹೊರ್ಗ್ ಬತ್ತ್, ವಿನಯಮ್ಮ?"

"ಬತ್ತ್ ಜಲಜಕ್ಕ, ಇನ್ನೊಂಚೂರ್ ಸಮಯ ಹೋಯ್ಕ್" ಎಂದೆ. ಬಸ್ಸಿಗೆ ಹೊತ್ತಾಗಿತ್ತು.

ಅಕ್ಟೋಬರ್ 15, ಶನಿವಾರ

ಅಂಜಲ್ ಫ್ರೈ. ಸಂಶೋಧನೆ ಮಾಡಿದ್ದು ಸಾರ್ಥಕವಾಯಿತು.

ಅಕ್ಟೋಬರ್ 29, ಶನಿವಾರ

ಸಮಿತಿ ಬಂದು ಹೋಯಿತು. ಪೇಪರಿನ ತುಣುಕಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದರು. ಸಮಿತಿಯ ಹಿರಿಯರು ಅದನ್ನು ಓದಿ, "ಸೋ, ಮನುಷ್ಯರ ಮೇಲೆ ಪ್ರಯೋಗ ಶುರುವಾಗಿದೆಯಾ?" ಎಂದು ಕೇಳಿದರು. ರಾಜೀವ ಸರ್ ನಕ್ಕು, ಅವರಿಗೆ ಇನ್ನೊಂದು ಗೋಳಿಬಜೆ ಬಡಿಸಿದರು.

ಇಲಿಯ ಮೇಲೂ ಆಗಿಲ್ಲ. ನೀರಿನ ಮೇಲೇ ಆಗುತ್ತಿಲ್ಲ. ಆದರೆ ಸರಪಳಿಯ ಒಂದು ಕೊಂಡಿಯನ್ನು ಬದಲಿಸಿ ನೋಡಿದ್ದೇನೆ. ಈ ಸಲ ಸೋರುವುದು ಸ್ವಲ್ಪ ಕಡಿಮೆ.

ಜಲಜಕ್ಕ ಇವತ್ತು ಇನ್ನೂ ದುಬಾರಿಯ ಮಾಂಜಿ ಮೀನು ತಂದಿದ್ದಳು.

ನವೆಂಬರ್ 6, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಜಲಜಕ್ಕ ಬುಟ್ಟಿಯಿಲ್ಲದೆ ಬಂದಳು. ಅಂಗಳದಲ್ಲೇ ಕುಸಿದು ಕೂತಳು. "ಇನ್ನ್ ತಡೂಕೆ ಆತಿಲ್ಲೆ ವಿನಯಮ್ಮ. ಗಂಜಿಯೂ ಇಳೀತಿಲ್ಲೆ ಅವ್ರಿಗೆ. ಒಂಚೂರ್ ಮದ್ದ್ ಈಗ್ಲೇ ಕೊಡಿ. ಮುಗ್ದಾಂಗ್ ಇಲ್ದಿರೂ ಅಡ್ಡಿಲ್ಲ."

ಅವಳ ಗಂಡ ಕರಿಯಣ್ಣ ದೋಣಿಯ ತಾಂಡೇಲ. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಕೂಗಿ ದೋಣಿ ನಡೆಸುವವನು. ಅವನ ಕೂಗು ದಡಕ್ಕೂ ಕೇಳುತ್ತದೆ. ಎಲೆಯಡಿಕೆ, ಹೊಗೆಸೊಪ್ಪು ಎಲ್ಲ ಎಡಗೆನ್ನೆಯಲ್ಲೇ ಇಟ್ಟುಕೊಳ್ಳುವುದು ಅಭ್ಯಾಸ. ಆ ಕೆನ್ನೆಯ ಒಳಗೇ ಹುಣ್ಣಾಗಿ ದವಡೆಗೆ ಇಳಿದಿದೆ. ಸೆಪ್ಟೆಂಬರಿನಲ್ಲೇ ದೊಡ್ಡಾಸ್ಪತ್ರೆಯ ಡಾಕ್ಟರು ಕ್ಯಾನ್ಸರ್ ಎಂದು ಹೇಳಿ, ಕೊಯ್ದು ತೆಗೆಯುವ ದಿನವನ್ನೂ ಕೊಟ್ಟಿದ್ದರು. ಅರ್ಧ ದವಡೆ ಹೋಗುತ್ತದೆ, ಮೊದಲಿನ ಹಾಗೆ ಮಾತು ಬರುವುದಿಲ್ಲ ಎಂದಿದ್ದರು. ಅದೇ ವಾರ ಪೇಪರ್ ಬಂತು. ಕೊಯ್ಯುವುದು ಬೇಡ. ಕೋಟದ ಯುವತಿ. ಅವನು ಆಸ್ಪತ್ರೆಯ ಕಡೆ ತಲೆ ಹಾಕದೆ ಕೂತಿದ್ದಾನೆ, ನಮ್ಮ ವಿನಯಮ್ಮನ ಮದ್ದು ಬರುತ್ತದೆ ಎಂದು.

ಕಾಣೆ, ಅಂಜಲ್, ಮಾಂಜಿ. ನನಗೆ ಮರ್ಯಾದೆ ಕೊಟ್ಟದ್ದು ಸಮುದ್ರ ಅಲ್ಲ. ಮದ್ದ್ ಇಲ್ಲೆ ಎಂದೆ, ಜಲಜಕ್ಕ ಕಿವಿಗೆ ಹಾಕಿಕೊಳ್ಳದೆ ಎದ್ದು ಹೋದಳು.

ನವೆಂಬರ್ 7, ಸೋಮವಾರ

ರಾಜೀವ ಸರ್ ಚೇಂಬರಿಗೆ ನೇರ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಹೇಳಿದ್ದು ಮುಂದೊಂದು ದಿನ ಅಂತ."

"ಹತ್ತಿರದಲ್ಲೇ ಅಂದ್ರಿ ಸರ್."

"ವಿಜ್ಞಾನದಲ್ಲಿ ಹತ್ತಿರ ಅಂದ್ರೆ ಇಪ್ಪತ್ತು ವರ್ಷ. ಜನರ ಮೂಢನಂಬಿಕೆಗೆ ನಾವು ಜವಾಬ್ದಾರರಲ್ಲ. ಓದಿದವರು ಯಾರಾದ್ರೂ ಇದನ್ನು ನಂಬ್ತಾರಾ ಹೇಳು? ಇಲ್ಲದ ಮದ್ದಿಗೆ ಮನೆ ಬಾಗಿಲು ಕಾಯ್ತಾರಾ? ನೀನು ನಿನ್ನ ಸೋರುವುದನ್ನು ನೋಡು."

ಮನೀಷನಿಗೆ ಫೋನು ಮಾಡಿದೆ. ತಿದ್ದುಪಡಿ ಹಾಕಿದರೆ ಯಾರೂ ಓದುವುದಿಲ್ಲ ಮೇಡಂ, ಬೇಕಾದರೆ ಎರಡನೆಯ ವರದಿ ಮಾಡುವ, "ರಾಮಬಾಣಕ್ಕೆ ಕ್ಷಣಗಣನೆ" ಎಂದ. ಫೋನು ಇಟ್ಟೆ.

ನವೆಂಬರ್ 9, ಬುಧವಾರ

ಪಡುಕರೆಗೆ ಹೋಗಿ ಬಂದೆ. ಕರಿಯಣ್ಣ ಜಗಲಿಯಲ್ಲಿ ಬಲೆಯ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕೆನ್ನೆ ಊದಿ ಕಣ್ಣು ಸಣ್ಣದಾಗಿದೆ. ಹತ್ತಿರ ಹೋದರೆ ವಾಸನೆ. ನಾನು ಸುತ್ತು ಬಳಸದೆ ಹೇಳಿದೆ: "ಕರಿಯಣ್ಣ, ನನ್ನತ್ರ ಮದ್ದ್ ಇಲ್ಲೆ. ಪೇಪರಿನಲ್ಲಿ ಬಂದದ್ದ್ ಸುಳ್ಳ್. ನೀವ್ ನಾಳೆಯೇ ಆಸ್ಪತ್ರೆಗೆ ಹೋಯ್ಕ್."

ಅವನು ಜಲಜಕ್ಕನ ಮುಖ ನೋಡಿದ. ಇಬ್ಬರಿಗೂ ಖುಷಿಯಾದದ್ದು ಎದ್ದು ಕಂಡಿತು.

"ಗೊತ್ತಿತ್ತ್, ನೀವ್ ಹಾಂಗೇ ಹೇಳುದ್ ಅಂದ್" ಎಂದ. "ಶಂಕರನಾರಾಯಣ ಪೇಟೆಯ ಕುಷ್ಟಣ್ಣ ಕಾಮಾಲೆಗೆ ಮದ್ದ್ ಕೊಡುದಿಲ್ಯಾ? ಅವನತ್ರ ಹೋಯಿ ಕೇಂಡ್ರೆ, ನಂಗೆಂತ ಗೊತ್ತಿಲ್ಲೆ ಮಾರಾಯ್ರೆ, ಡಾಕ್ಟ್ರತ್ರ ಹೋಯ್ನಿ ಅಂತ. ಮೂರ್ ಸಲ ಕೇಂಡ್ ಮೇಲೆ ಕೊಡುದ್. ಇತ್ತ್ ಅಂದ್ ಮದ್ದಿನವ್ರ್ ಬಾಯಿಬಿಟ್ಟ್ ಹೇಳುಕಾಗ, ಹೇಳ್ರೆ ಮದ್ದಿನ ಗುಣ ಹೋತ್ತ್."

"ನಾನು ಮದ್ದಿನವಳಲ್ಲ!"

"ಅದೇ, ಅದೇ" ಎಂದು ತಲೆಯಾಡಿಸಿದ.

ಜಲಜಕ್ಕ ಚೀಲದಲ್ಲಿ ಮೀನು ತುಂಬಿ ಕೈಗೆ ಕೊಡಲು ಬಂದಳು. ಬೇಡವೇ ಬೇಡ ಎಂದು ದೂಡಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಕುಷ್ಟಣ್ಣನೂ ಏನೂ ಮುಟ್ಟುವುದಿಲ್ಲವಂತೆ.

ನವೆಂಬರ್ 13, ಭಾನುವಾರ

ಕಣ್ಣಾರೆ ತೋರಿಸಿದರೆ ಅರ್ಥವಾದೀತು ಎಂದು ನನ್ನ ಓದಿದ ತಲೆಗೆ ಹೊಳೆಯಿತು. ಹೊಸ ಕೊಂಡಿಯ ಪಾಲಿಮರಿನಲ್ಲಿ ಮಾಡಿದ ದ್ರಾವಣವನ್ನು ಐಸಿನ ಡಬ್ಬಿಯಲ್ಲಿಟ್ಟು ಪಡುಕರೆಗೆ ಒಯ್ದೆ. ಗಾಜಿನ ಲೋಟದಲ್ಲಿ ನೀರು ಹಾಕಿ, ತೆಳು ಪೊರೆಯ ಚೀಲದಲ್ಲಿ ದ್ರಾವಣ ತುಂಬಿ ಅದರೊಳಗೆ ಇಳಿಬಿಟ್ಟೆ. "ಕಾಣಿ, ಇದರೊಳಗೆ ಇಪ್ಪುದ್ ಬರೀ ಬಣ್ಣ. ಮದ್ದಲ್ಲ" ಎಂದೆ. ನೆರೆಕರೆಯವರೆಲ್ಲ ಬಂದು ಜಗಲಿ ತುಂಬಿತು. ಬಹಳ ಹೊತ್ತು ಕಾದೆವು. ನೀರು ತಿಳಿಯಾಗಿಯೇ ಇತ್ತು. ಆಮೇಲೆ ಒಂದು ಲಿಂಬೆಹಣ್ಣು ಹಿಂಡಿದೆ. ಚಾ ಕುಡಿದು ಮುಗಿಸುವಷ್ಟರಲ್ಲಿ ನೀರು ಕೆಂಪಗಾಯಿತು.

"ಬಿಚ್ಕಂಡ್ತ್!" ಎಂದು ಯಾರೋ ಕೂಗಿದರು. ಒಬ್ಬ ಮುದುಕಿ ಕೈ ಮುಗಿದಳು. ಕರಿಯಣ್ಣನ ಕಣ್ಣಲ್ಲಿ ನೀರು. "ಪೇಪರಿನಲ್ಲಿ ಬಂದದ್ದ್ ಬರೀ ಮಾತ್ ಅಂದ್ ಕೆಲವ್ರ್ ಹೇಳಿರ್. ಈಗ ಕಣ್ಣಲ್ಲೇ ಕಂಡ್ತ್ ಅಲ್ದಾ" ಎಂದ.

ಬರೀ ಬಣ್ಣ, ಬರೀ ಬಣ್ಣ ಎಂದು ನಾನು ಬಾಯಿ ಬಡಿದುಕೊಂಡೆ. ಮೂರನೆಯ ಸಲ ಇಲ್ಲ ಎಂದಾಯಿತಲ್ಲ ಎಂದು ಜಲಜಕ್ಕ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಕೇಳಿಸಿತು.

ನವೆಂಬರ್ 14, ಸೋಮವಾರ

ನಾಲ್ಕು ವರ್ಷದಲ್ಲಿ ಮೊದಲ ಸಲ ಪೊಟ್ಟಣ ಸೋರದೆ ನಿಂತು, ಹುಳಿಗೆ ಮಾತ್ರ ಬಿಚ್ಚಿತು. ಪಡುಕರೆಯ ಜಗಲಿಯಲ್ಲಿ, ಲಿಂಬೆಹಣ್ಣಿಗೆ. ಸಾಕ್ಷಿಗಳು ಬೇಕಾದಷ್ಟಿದ್ದಾರೆ, ಥೀಸಿಸ್ಸಿನಲ್ಲಿ ಹಾಕುವಂತಿಲ್ಲ.

ನಗು ಬರಬೇಕಿತ್ತು.

ನವೆಂಬರ್ 19, ಶನಿವಾರ

ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಅಮ್ಮ ನನ್ನೆದುರು ಕೂತು, "ಹೆಣೆ, ಸತ್ಯ ಹೇಳಿ ಹೇಳಿ ಅವ್ನನ್ನ್ ಕೊಲ್ತಿಯಾ?" ಎಂದಳು. ಪ್ರೌಢಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಎಂದು ನಾನು ಹೀಯಾಳಿಸುವ ಅಮ್ಮ. ಮತ್ತೆ ಪಡುಕರೆಗೆ ಹೋದೆ.

ಈ ಸಲ ಜಗಲಿಯಲ್ಲಿ ಚಾಪೆ ಹಾಕಿಸಿಕೊಂಡು, ಕಾಲು ಮಡಚಿ, ಧ್ವನಿ ತಗ್ಗಿಸಿ ಕೂತೆ. ಕುಷ್ಟಣ್ಣನನ್ನು ನಾನು ನೋಡಿಲ್ಲ, ಆದರೂ ಅವನು ಹೀಗೆಯೇ ಕೂರುತ್ತಾನೆ ಅನ್ನಿಸಿತು.

"ಕರಿಯಣ್ಣ, ಮದ್ದ್ ಇತ್ತ್."

ಜಲಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆರೆ ಅದಕ್ಕೊಂದ್ ಪಥ್ಯ ಇತ್ತ್. ಗಡ್ಡೆ ಮೈಯಲ್ಲಿ ಇಪ್ಪುವರೆಗೆ ನನ್ನ ಮದ್ದ್ ಹಿಡಿಯುದಿಲ್ಲೆ. ಮೊದ್ಲ್ ಡಾಕ್ಟ್ರ್ ಕೊಯ್ದ್ ತೆಗಿಯೂಕ್. ಆಮೇಲೆ ಅವ್ರ್ ಕರೆಂಟ್ ಕೊಡ್ತ್ರ್, ಅದನ್ನೂ ಪೂರಾ ತಕಂಬೂಕ್. ಒಂದ್ ದಿನವೂ ತಪ್ಪುಕಾಗ. ಹೊಗೆಸೊಪ್ಪ್ ಇನ್ನ್ ಮುಟ್ಟುಕಾಗ. ಎಲ್ಲ ಮುಗ್ಸಿ ಬಂದ್ ಮೇಲೆ ನನ್ನ ಮದ್ದ್."

ಅವನು ಬಲೆಯ ತುಂಡನ್ನು ಬದಿಗಿಟ್ಟ. "ಬಾಯಿ?"

ಅಲ್ಲಿ ಮಾತ್ರ ಸುಳ್ಳು ಬರಲಿಲ್ಲ. "ಅರ್ಧ ಹೋತ್ತ್."

"ದೋಣಿಯಂಗೆ ಕೂಗುಕೆ?"

"ಕೂಗುಕೆ ಆತಿಲ್ಲೆ, ಕರಿಯಣ್ಣ."

ಸಮುದ್ರದ ಕಡೆ ನೋಡುತ್ತಾ ಕೂತ. ಜಲಜಕ್ಕ ಅಳುತ್ತಿದ್ದಳು. ಅವನು ಬೇಡ ಎಂದುಬಿಡುತ್ತಾನೆ ಎಂದೇ ಅಂದುಕೊಂಡೆ.

"ಇದ್ ಡಾಕ್ಟ್ರ್ ಹೇಳುದಾ, ನೀವ್ ಹೇಳುದಾ?"

"ನಾನ್ ಹೇಳುದ್."

"ಹಾಂಗಾರೆ ಹೋತೆ."

ಪಡುಕರೆಯಿಂದ ಕೋಟದವರೆಗೆ ನಡೆದೇ ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು, ಜೊತೆಗೆ ಹಗುರವೂ ಆಗಿತ್ತು.

ಡಿಸೆಂಬರ್ 2, ಶುಕ್ರವಾರ

ದೊಡ್ಡಾಸ್ಪತ್ರೆಯಲ್ಲಿ ಇಡೀ ದಿನ. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಸಂಜೆ ಹೊರಗೆ ತಂದರು. ತಡವಾಗಿದೆ, ಆದರೆ ಕೈ ಮೀರಿಲ್ಲ, ಇನ್ನೊಂದು ತಿಂಗಳು ಬಿಟ್ಟಿದ್ದರೆ ತಾನು ಕತ್ತಿ ಹಿಡಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ತಿಂಗಳು ಎಂಬ ಮಾತು ಕೇಳಿ ಬೆಂಚಿನ ಮೇಲೆ ಕೂತುಬಿಟ್ಟೆ.

"ಅವರನ್ನು ಒಪ್ಪಿಸಿದ್ದು ನೀವಂತಲ್ಲ" ಎಂದರು ಡಾಕ್ಟರು. "ಮದ್ದು ಕೊಡುವ ಮೇಡಂ ಹೇಳಿದ್ದಕ್ಕೆ ಬಂದೆ ಅಂತಾನೆ. ನಿಮ್ಮದು ಯಾವ ಪದ್ಧತಿ? ಆಯುರ್ವೇದವಾ?"

"ಪಾಲಿಮರ್ ಕೆಮಿಸ್ಟ್ರಿ" ಎಂದೆ.

"ಓ, ಅದು ಹೊಸದಿರಬೇಕು" ಎಂದು ಹೊರಟುಹೋದರು.

ಮಾರ್ಚ್ 18, 2012, ಭಾನುವಾರ

ಕರಿಯಣ್ಣ ಬಂದ. ಕರೆಂಟು, ಅಂದರೆ ರೇಡಿಯೇಶನ್, ಕೊಡುವುದು ಪೂರ್ತಿ ಮುಗಿದಿದೆ, ಒಂದು ದಿನವೂ ತಪ್ಪಿಸಿಲ್ಲ. ಸದ್ಯಕ್ಕೆ ಎಲ್ಲ ಸರಿ ಇದೆ, ಬಂದು ತೋರಿಸಿಕೊಂಡು ಹೋಗುತ್ತಿರಿ ಎಂದಿದ್ದಾರಂತೆ. ಎಡಗೆನ್ನೆ ಒಳಕ್ಕೆ ಹೋಗಿ ಬಾಯಿ ಒಂದು ಬದಿಗೆ ಎಳೆದಿದೆ. ಅವನು ಮಾತಾಡಿದರೆ ಜಲಜಕ್ಕ ಪಕ್ಕದಲ್ಲಿ ನಿಂತು ನಮಗೆ ಬಿಡಿಸಿ ಹೇಳಬೇಕು. ಈಗ ದೋಣಿಯಲ್ಲಿ ಕೂಗುವ ಬದಲು ಕೆಂಪು ಬಟ್ಟೆ ಬೀಸುತ್ತಾನಂತೆ. ಹುಡುಗರು ಮೊದಲಿಗಿಂತ ಚೆನ್ನಾಗಿ ಕೇಳುತ್ತಾರೆ, ಯಾಕೆಂದರೆ ಈಗ ಬೈಗುಳ ಇಲ್ಲ ಎಂದು ಜಲಜಕ್ಕ ನಕ್ಕಳು.

"ಮದ್ದಿಗೆ ಬಂದದ್ದ್" ಎಂದಳು ಆಮೇಲೆ.

ಇದಕ್ಕಾಗಿ ತಿಂಗಳುಗಟ್ಟಲೆ ಮಾತು ಜೋಡಿಸಿಟ್ಟುಕೊಂಡಿದ್ದೆ. ಎಲ್ಲ ಹೇಳಿದೆ. ಮದ್ದು ಇಲ್ಲ, ಆಗಲೂ ಇರಲಿಲ್ಲ, ಆಸ್ಪತ್ರೆಗೆ ಕಳಿಸಲು ಸುಳ್ಳು ಹೇಳಿದೆ, ನಿಮ್ಮನ್ನು ಉಳಿಸಿದವರು ಆ ಡಾಕ್ಟರು. ಕ್ಷಮಿಸಿ ಎಂದೆ.

ಕರಿಯಣ್ಣ ಪೂರ್ತಿ ಕೇಳಿದ. ಆಮೇಲೆ ಸೊಟ್ಟಗಾದ ತುಟಿಯ ಮೇಲೆ ಬೆರಳಿಟ್ಟು, ಯಾರಿಗೂ ಹೇಳುವುದಿಲ್ಲ ಎಂಬ ಹಾಗೆ ಕಣ್ಣು ಮಿಟುಕಿಸಿದ.

ಏಪ್ರಿಲ್ 22, ಭಾನುವಾರ

ಯಾರಿಗೂ ಹೇಳುವುದಿಲ್ಲ ಎಂದವನು ಅರ್ಧ ಬಾಯಲ್ಲಿ ಇಡೀ ಕರಾವಳಿಗೆ ಹೇಳಿದ್ದಾನೆ. ಇವತ್ತು ಗೇಟಿನಲ್ಲಿ ಹದಿನಾಲ್ಕು ಜನ. ಅಮ್ಮ ಮದುವೆ ಮನೆಯವರ ಹಾಗೆ ಬೆಂಚು ಹಾಕಿಸಿ ಬೆಲ್ಲ ನೀರು ಕೊಡುತ್ತಿದ್ದಾಳೆ.

ಮೊದಲ ಎರಡು ವಾರ ಅಟ್ಟಿ ನೋಡಿದೆ. ಅಟ್ಟಿದಷ್ಟೂ ಹೆಚ್ಚು ಜನ. ಈಗ ಒಂದು ಕ್ರಮ ಮಾಡಿದ್ದೇನೆ: ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳದವರ ಹತ್ತಿರ ಮಾತಿಲ್ಲ. ಅದೇ ಪಥ್ಯ. ಬೈಂದೂರಿನ ಒಬ್ಬಳು ಎದೆಯ ಗಂಟನ್ನು ವರ್ಷದಿಂದ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದಳು. ಅವಳಿಗೆ ಬೈದು, ನಾಡಿದ್ದು ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಬಾಗಿಲು, ಯಾವ ಕಾರ್ಡು ತರಬೇಕು ಎಲ್ಲ ಹೇಳಿ ಕಳಿಸಿದೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಪಥ್ಯ ಎಷ್ಟು ದಿನ. ಡಾಕ್ಟರು ಸಾಕು ಎನ್ನುವವರೆಗೆ ಎನ್ನುತ್ತೇನೆ. ತಲೆಬಾಗಿ ಹೋಗುತ್ತಾರೆ.

ಲ್ಯಾಬಿಗೆ ಹೋಗದೆ ವಾರವಾಯಿತು.

ಮೇ 9, ಬುಧವಾರ

ರಾಜೀವ ಸರ್ ಕಾರಿಡಾರಿನಲ್ಲಿ ಹಿಡಿದರು. "ನೀನು ಸಂಶೋಧಕಿಯೋ, ಮಂತ್ರವಾದಿಯೋ? ನಮ್ಮ ಸಂಶೋಧನಾ ಕೇಂದ್ರದ ಹೆಸರು ಹಾಳು ಮಾಡಬೇಡ" ಎಂದರು. ಎಲ್ಲರೆದುರು. ಹೆಸರನ್ನು ಶರಬತ್ತಿನಲ್ಲಿ ಅದ್ದಿದವರು ಇವರೇ. ಬೈದು ಮುಗಿಸಿ, ಬ್ಯಾಗು ಹಿಡಿದು ಹೊರಟುಹೋದರು. ಈಚೆಗೆ ರಜೆಯ ಮೇಲೆ ರಜೆ. ನನ್ನ ಮೂರನೆಯ ಅಧ್ಯಾಯ ಮೇಜಿನ ಮೇಲೇ ಧೂಳು ತಿನ್ನುತ್ತಿದೆ. ಗಂಡ ಹೆಂಡತಿ ಇಬ್ಬರೂ ಎಲ್ಲೋ ಪ್ರವಾಸ ಹೋಗುತ್ತಿರಬೇಕು.

ಜೂನ್ 10, ಭಾನುವಾರ

ಮಳೆ ಹಿಡಿದಿದೆ. ಆದರೂ ಬೆಂಚು ತುಂಬಿತ್ತು. ಸಾಲಿನ ಕೊನೆಯಲ್ಲಿ, ಬೈಂದೂರಿನ ಇಬ್ಬರು ಹೆಂಗಸರ ಹಿಂದೆ, ಮಡಚಿದ ಕೊಡೆ ಹಿಡಿದು ಒಬ್ಬರು ಕೂತಿದ್ದರು. ಚಪ್ಪಲಿಯನ್ನು ಎಲ್ಲರ ಹಾಗೆ ಮೆಟ್ಟಿಲ ಕೆಳಗೆ ಬಿಟ್ಟಿದ್ದರು. ರಾಜೀವ ಸರ್. ಜನರೆದುರೇ ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈಯಲಿ, ನಾನೂ ಎರಡು ಹೇಳುತ್ತೇನೆ ಎಂದು ಸಿದ್ಧಳಾದೆ.

"ಸರ್, ಒಳಗೆ ಬನ್ನಿ."

"ಬೇಡ. ನನ್ನ ಸರದಿ ಬರಲಿ."

ಅವರ ಸರದಿ ಬರುವವರೆಗೆ ಯಾರಿಗೆ ಏನು ಹೇಳಿದೆನೋ ನೆನಪಿಲ್ಲ.

ಎದುರು ಕೂತು ಆಸ್ಪತ್ರೆಯ ಫೈಲನ್ನು ಬಿಚ್ಚಿದರು. ಶ್ರೀಲತಾ ಮೇಡಂ ಹೆಸರು. ಮೇದೋಜೀರಕ ಗ್ರಂಥಿ, ಅಲ್ಲಿಂದ ಪಿತ್ತಕೋಶ, ಯಕೃತ್ತು. ಜನವರಿಯಲ್ಲಿ ಗೊತ್ತಾದದ್ದು. ದೊಡ್ಡಾಸ್ಪತ್ರೆ ಆಯಿತು, ಮುಂಬೈ ಆಯಿತು, ಕೊಯ್ಯುವ ಹಂತ ದಾಟಿದೆ, ಕೊಟ್ಟ ಮದ್ದುಗಳು ಹಿಡಿಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಪ್ರವಾಸ ಎಂದು ಬರೆದಿದ್ದೆ.

"ಸರ್, ನಿಮಗೆ ಗೊತ್ತಲ್ಲ" ಎಂದೆ.

"ಗೊತ್ತು."

"ಅದರೊಳಗೆ ಬಣ್ಣ ಬಿಟ್ಟರೆ ಬೇರೆ ಏನೂ ಇಲ್ಲ."

"ಬಣ್ಣ ತರಿಸಿಕೊಟ್ಟವನೇ ನಾನು, ವಿನಯಾ." ಫೈಲನ್ನು ಮುಚ್ಚಿದರು, ಮತ್ತೆ ಬಿಚ್ಚಿದರು. "ಶ್ರೀಲತಾ ಕಳಿಸಿದಳು. ನಿನ್ನ ಹತ್ತಿರ ಒಮ್ಮೆ ಕೇಳಿ ಬನ್ನಿ ಅಂದಳು." ಫೈಲಿನ ಮೇಲಿನ ಮಳೆಹನಿ ಒರೆಸಿದರು. "ಇಲ್ಲ. ಅವಳು ಕಳಿಸಿದ್ದಲ್ಲ. ಅವಳು ಮಲಗಿದ್ದಳು, ನಾನೇ ಬಸ್ಸು ಹತ್ತಿ ಬಂದೆ."

ಇಷ್ಟು ದಿನ ಈ ಮನುಷ್ಯನಿಗೆ ಹೇಳಬೇಕೆಂದು ಕೂಡಿಟ್ಟುಕೊಂಡ ಚುಚ್ಚುಮಾತು ಎಷ್ಟಿತ್ತು! ಒಂದೂ ಬಾಯಿಗೆ ಬರಲಿಲ್ಲ. ಅಳು ಬಂತು. ತಡೆದುಕೊಂಡೆ, ಬೆಂಚಿನಲ್ಲಿ ಇನ್ನೂ ಜನ ಬಂದು ಕೂರುತ್ತಿದ್ದರು.

"ಪಥ್ಯ ಏನಾದರೂ ಇದ್ದರೆ ಹೇಳು" ಎಂದರು.

ಎಲ್ಲರಿಗೂ ನಾನು ಹೇಳುವುದು ಒಂದೇ ಪಥ್ಯ, ಆಸ್ಪತ್ರೆಗೆ ಹೋಗಿ. ಅದನ್ನು ಅವರು ಮುಗಿಸಿ ಬಂದಿದ್ದರು. ಇಲ್ಲ ಎನ್ನಬಹುದಿತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸಿ ನನಗೀಗ ಅಭ್ಯಾಸವಿಲ್ಲ.

"ಸಂಜೆಯಾದ ಮೇಲೆ ಮೇಡಂ ಹತ್ತಿರ ಕೂತುಕೊಳ್ಳಬೇಕು, ಸರ್. ಪೇಪರು ಬೇಡ, ಫೋನು ಬೇಡ. ಅವರು ಮಾತಾಡಿದರೆ ಕೇಳಬೇಕು. ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನೀವೇ ಕೊಡಬೇಕು. ಅವರಿಗೆ ನಿದ್ದೆ ಬರುವವರೆಗೆ ಏಳಬಾರದು."

ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. "ಪೇಪರು ಬೇಡ, ಫೋನು ಬೇಡ" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಕೊಡೆ ಬಿಚ್ಚಿ ಮೆಟ್ಟಿಲಿಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು ಹೋದರು.

ಪಥ್ಯ ಹೇಳಿದ ಮೇಲೆ ಎಲ್ಲರೂ ಎಷ್ಟು ದಿನ ಎಂದು ಕೇಳುತ್ತಾರೆ. ಸರ್ ಕೇಳಲಿಲ್ಲ.